ಬಸಣ್ಣನ ಮೋಟರಿಗೆ ಸಾಲದ ಫೋನು

ಮೇ ತಿಂಗಳ ಭಾನುವಾರ ಸಂಜೆ. ಕೊಪ್ಪಳದಲ್ಲಿ ಕರೆಂಟ್ ಹೋಗಿತ್ತು. ಇಂಥ ಹೊತ್ತಲ್ಲಿ ಮನೆಯೊಳಗೆ ಕೂತವನು ಬೆಂದ ಗೆಣಸು. ನಾವು ನಾಲ್ಕು ಜನ ಶಾಂತಕ್ಕನ ಹೋಟೆಲ್ ಮುಂದಿನ ಕಲ್ಲುಬೆಂಚಿಗೆ ಬಂದು ಕೂತಿದ್ದೆವು. ತಲೆಗೊಂದು ಪ್ಲೇಟ್ ಒಗ್ಗರಣೆ, ಎರಡೆರಡು ಮಿರ್ಚಿ. ಬಸಣ್ಣ ಮಾತ್ರ ಮಿರ್ಚಿ ಮುಟ್ಟಿರಲಿಲ್ಲ. ಬಸಣ್ಣನ ಮುಂದೆ ಮಿರ್ಚಿ ತಣ್ಣಗಾಗುತ್ತಿದೆ ಅಂದರೆ ಊರಲ್ಲಿ ಏನೋ ದೊಡ್ಡದು ಆಗಿದೆ ಅಂತಲೇ ಅರ್ಥ.

"ಏನಪ್ಪಾ?" ಅಂದರು ಮೇಷ್ಟ್ರು.

"ನಾನು ಮಾಡಿದ್ದೇ ನನ್ನನ್ನ ತಿಂತಾ ಇದೆ ಸಾರ್."

ಬಸಣ್ಣನದು ಮೋಟರ್ ರಿವೈಂಡಿಂಗ್ ಅಂಗಡಿ. ಹೊಲ ಎಂಟು ಕಿಲೋಮೀಟರ್ ದೂರ. ತ್ರೀ ಫೇಸ್ ಬರೋದು ರಾತ್ರಿ ಪಾಳಿಯಲ್ಲಿ. ನಿದ್ದೆ ಕೆಟ್ಟು ಹೋಗಿ ಸ್ವಿಚ್ ಒತ್ತೋದು ಯಾರು? ಅದಕ್ಕೆ ಇವನೇ ಒಂದು ಯಂತ್ರ ಮಾಡಿದ. ಹಳೇ ಬಟನ್ ಫೋನು, ಒಂದು ರಿಲೇ, ಒಂದು ಕಾಂಟ್ಯಾಕ್ಟರ್, ಎಲ್ಲಾ ಸೇರಿ ಒಂದು ಬಿಸ್ಕತ್ ಡಬ್ಬಿಯೊಳಗೆ. ಫೋನು ಗುರ್ರ್ ಅಂತ ನಡುಗುವುದಕ್ಕೆ ಇರುತ್ತಲ್ಲ ಒಂದು ಪುಟ್ಟ ಮೋಟರ್, ಅದರ ಎರಡು ವೈರ್ ಕಿತ್ತು ರಿಲೇಗೆ ಕೊಟ್ಟ. ಒಂದು ಮಿಸ್ಡ್ ಕಾಲ್ ಕೊಟ್ಟರೆ ಪಂಪ್ ಆನ್. ಇನ್ನೊಂದು ಕೊಟ್ಟರೆ ಆಫ್. ಮೊದಲ ದಿನ ಈ ಬೆಂಚಿನ ಮೇಲೆ ಕೂತೇ ನಮಗೆ ತೋರಿಸಿದ್ದ. ಪಂಪ್ ನಮಗೆ ಕಾಣುತ್ತಿರಲಿಲ್ಲ, ಆದರೂ ಚಪ್ಪಾಳೆ ತಟ್ಟಿದ್ದೆವು.

ಡಬ್ಬಿಗೆ ಹಾಕಿದ ಹೊಸ ಸಿಮ್ಮಿನ ನಂಬರು ಮೊದಲು ಬೇರೆ ಯಾರದ್ದೋ ಆಗಿತ್ತು. ಆ ಪುಣ್ಯಾತ್ಮ ಎಲ್ಲೋ ಸಾಲ ಮಾಡಿ ಕಟ್ಟದೆ ನಂಬರ್ ಬಿಟ್ಟು ಹೋಗಿದ್ದಾನೆ. ಸಾಲದವರು ಬೆಳಗಿನಿಂದ ರಾತ್ರಿವರೆಗೆ ಫೋನ್ ಮಾಡ್ತಾರೆ. ಒಂದು ಫೋನಿಗೆ ಪಂಪ್ ಆನ್. ಮತ್ತೊಂದು ಫೋನಿಗೆ ಆಫ್. ಮೊನ್ನೆ ರಾತ್ರಿ ಕೊನೆಯ ಫೋನು ಬೆಸಸಂಖ್ಯೆಗೆ ನಿಂತು, ಬೆಳಗಾಗುವಷ್ಟರಲ್ಲಿ ಪಕ್ಕದ ಹೊಲದವರು ಕಣದಲ್ಲಿ ಒಣಗಲು ಹಾಕಿದ್ದ ಶೇಂಗಾ ತೇಲುತ್ತಿತ್ತು.

"ನೀನು ಆ ಸಾಲದವರಿಗೆ ಹೇಳಲಿಲ್ವಾ?"

"ಹೇಳಿದೆ. ಸ್ವಾಮಿ, ಇದು ಮೋಟರ್ ನಂಬರು ಅಂದೆ. ಮೋಟರ್ ಸಾಹೇಬರಿಗೇ ಫೋನ್ ಕೊಡಿ ಅಂದ."

ಸಿಮ್ ಬದಲಿಸು ಅಂದೆ ನಾನು. ಮೂರು ತಿಂಗಳಿಗೆ ರೀಚಾರ್ಜ್ ಮಾಡಿಸಿದ್ದೇನೆ ಅಂದ. ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

"ಬಸಣ್ಣಾ, ನೀನು ಫ್ರಾಂಕನ್‌ಸ್ಟೈನ್ ಆದೆಯಲ್ಲೋ!" ಅಂದರು ಮೇಷ್ಟ್ರು. ರಿಟೈರ್ ಆದ ಮೇಲೆ ಮೇಷ್ಟ್ರಿಗೆ ಹಳೇ ಇಂಗ್ಲಿಷ್ ಭೂತದ ಸಿನಿಮಾ ನೋಡುವ ಚಟ ಅಂಟಿದೆ. ಬೋರ್ಡು ಸಿಗದೆ ಕೈ ತುರಿಸುತ್ತಿರುತ್ತೆ.

"ಶೇಂಗಾ ತೋಯಿಸಿದ್ದಕ್ಕೆ ನನ್ನನ್ನ ಭೂತ ಅಂತೀರಾ?"

"ಅದು ಭೂತದ ಹೆಸರಲ್ಲ, ಭೂತ ಮಾಡಿದವನ ಹೆಸರು. ವಿಕ್ಟರ್ ಫ್ರಾಂಕನ್‌ಸ್ಟೈನ್. ಕಾಲೇಜು ಓದೋ ಹುಡುಗ."

"ಹಂಗಾದ್ರೆ ಭೂತದ ಹೆಸರೇನು?"

"ಹೆಸರೇ ಇಟ್ಟಿಲ್ಲ."

ಎಣ್ಣೆಗೆ ಮಿರ್ಚಿ ಬಿಡುತ್ತಿದ್ದ ಶಾಂತಕ್ಕ ತಿರುಗಿ ನೋಡಿದಳು. "ಹುಟ್ಟಿಸಿ ಹೆಸರೂ ಇಡಲಿಲ್ವಾ? ತೊಟ್ಟಿಲಿಗೆ ಹಾಕಲಿಲ್ವಾ?"

"ಎಂಟಡಿ ಕೂಸು ಶಾಂತಕ್ಕ. ಯಾವ ತೊಟ್ಟಿಲು ಸಾಲುತ್ತೆ?"

ಮೇಷ್ಟ್ರು ಕಥೆ ಶುರು ಮಾಡಿದರು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಅನ್ನೋ ಜ್ವಾಲಾಮುಖಿ ಸಿಡಿದು ಬೂದಿ ಆಕಾಶಕ್ಕೆ ಹೋಯಿತಂತೆ. ಅದಕ್ಕೇ ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ, ಬರೀ ಮಳೆ, ಚಳಿ. ಜಿನೀವಾದ ಸರೋವರದ ಹತ್ತಿರ ಸಾಹಿತಿಗಳ ಒಂದು ಗುಂಪು ಹೊರಗೆ ಹೋಗಲಾಗದೆ ಮನೆಯೊಳಗೆ ಕೂತು, ಒಬ್ಬೊಬ್ಬರೂ ಒಂದೊಂದು ಭೂತದ ಕಥೆ ಬರೆಯೋಣ ಅಂತ ಪಂಥ ಕಟ್ಟಿತು. ಅಲ್ಲಿದ್ದ ಹದಿನೆಂಟರ ಮೇರಿ ಶೆಲ್ಲಿ ಬರೆದದ್ದೇ ಈ ಕಥೆ. ಪುಸ್ತಕ ಬಂದದ್ದು 1818ರಲ್ಲಿ, ಮೊದಲ ಮುದ್ರಣದಲ್ಲಿ ಅವಳ ಹೆಸರೇ ಇರಲಿಲ್ಲ.

"ಬೇಸಿಗೆಯೇ ಬರಲಿಲ್ವಾ?" ಅಂದ ಈರಣ್ಣ, ಬನಿಯನ್ ಹಿಡಿದು ಗಾಳಿ ಬೀಸಿಕೊಳ್ಳುತ್ತಾ. ಅವನಿಗೆ ಭೂತಕ್ಕಿಂತ ಅದೇ ದೊಡ್ಡ ಪವಾಡವಾಗಿ ಕಂಡಿತು.

"ಹೆತ್ತ ಹನ್ನೊಂದು ದಿನಕ್ಕೆ ಅವಳ ತಾಯಿ ತೀರಿಕೊಂಡಿದ್ದಳು. ಇವಳದೇ ಮೊದಲ ಕೂಸೂ ಉಳಿಯಲಿಲ್ಲ, ಪುಸ್ತಕ ಶುರು ಮಾಡುವ ಹಿಂದಿನ ವರ್ಷ."

ಶಾಂತಕ್ಕ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಅದಕ್ಕೇ ಬರೆದಿದ್ದಾಳೆ ಬಿಡಿ" ಅಂದು ಜಾಲರಿ ಸೌಟು ಕುಟ್ಟಿ ಎಣ್ಣೆ ಉದುರಿಸಿದಳು.

"ಮುಂದೇನಾಯ್ತು ಕೇಳಿ. ವಿಕ್ಟರ್ ಎರಡು ವರ್ಷ ನಿದ್ದೆಗೆಟ್ಟು ಹೆಣದ ತುಂಡು ಜೋಡಿಸಿ ಭೂತ ಮಾಡ್ತಾನೆ. ಒಂದು ರಾತ್ರಿ ಅದು ಹಳದಿ ಕಣ್ಣು ಬಿಡುತ್ತೆ. ಇವನು ಏನು ಮಾಡಿದ ಹೇಳಿ?"

"ಪೂಜೆ?" ಅಂದ ಬಸಣ್ಣ.

"ಓಡಿದ! ಪಕ್ಕದ ರೂಮಿಗೆ ಹೋಗಿ ಮಲಗಿಬಿಟ್ಟ."

ಇಲ್ಲಿ ಈರಣ್ಣ ಎದ್ದು ಕೂತ. ಅವನು ಕಿನ್ನಾಳದವನು. ಮನೆತನದ ಕಸುಬು ಗೊಂಬೆ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಅನ್ನೋ ಮುದ್ದೆ ಮೆತ್ತಿ, ಒಣಗಿಸಿ, ಬಣ್ಣ ಹಚ್ಚುವವರು. ಇವನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಕೆಂಪು ಬಣ್ಣ ಇರುತ್ತದೆ. ಮದುವೆ ಊಟಕ್ಕೆ ಬಂದರೂ ಇರುತ್ತದೆ.

"ಕಣ್ಣು ಬರೆಯೋದು ನಾವು ಎಲ್ಲಾ ಮುಗಿದ ಮೇಲೆ. ಕಣ್ಣು ಬಂತು ಅಂದ್ರೆ ಅದು ನಮ್ಮನ್ನ ನೋಡುತ್ತೆ. ಆಗ ಎದುರಿಗೆ ಕೂತಿರಬೇಕು ಸಾರ್. ಆಗಲೇ ಎದ್ದು ಹೋದ್ರೆ ಅದಕ್ಕೆ ಏನನ್ನಿಸಬೇಕು?"

ಬಸಣ್ಣನಿಗೆ ವಿಕ್ಟರ್ ಮೇಲೆ ಕನಿಕರ. "ಸುಸ್ತಾಗಿರುತ್ತೆ ಬಿಡೋ. ನನ್ನ ಡಬ್ಬಿ ಮೊದಲ ಸಲ ಆನ್ ಆದಾಗ ನಾನೂ ಹೋಗಿ ಮಲಗಿದೆ."

"ಅದೇ ನೋಡು ಎಡವಟ್ಟು!"

ಆಮೇಲೆ 1931ರ ಸಿನಿಮಾ. ಚಪ್ಪಟೆ ತಲೆ, ಕುತ್ತಿಗೆಗೆ ಬೋಲ್ಟು, ಎಲ್ಲರಿಗೂ ಗೊತ್ತಿರುವ ಆ ಮುಖ ಈ ಸಿನಿಮಾದ್ದು. ಮೇಕಪ್ ಮಾಡಿದವನು ಜ್ಯಾಕ್ ಪಿಯರ್ಸ್, ಒಳಗಿದ್ದವನು ಬೋರಿಸ್ ಕಾರ್ಲಾಫ್. ಸಿನಿಮಾ ಶುರುವಾಗುವಾಗ ನಟರ ಹೆಸರು ಬರುತ್ತಲ್ಲ, ಅಲ್ಲಿ ಭೂತದ ಮುಂದೆ ಬರೀ ಪ್ರಶ್ನೆ ಚಿಹ್ನೆ. ಪುಸ್ತಕದ ಭೂತ ಗೋಡೆಯ ಸಂದಿಯಲ್ಲಿ ಒಂದು ಬಡ ಸಂಸಾರವನ್ನು ಇಣುಕಿ ನೋಡಿಯೇ ಮಾತು ಕಲಿಯುತ್ತದೆ. ರಾತ್ರಿ ಹೋಗಿ ಅವರಿಗೆ ಸೌದೆ ತಂದಿಡುತ್ತದೆ. ಸಿನಿಮಾದ್ದು ಮಾತೇ ಆಡಲ್ಲ, ಉಸಿರು ಕಟ್ಟಿದ ಎಮ್ಮೆ ಹಾಗೆ ಸದ್ದು ಮಾಡುತ್ತದೆ. ನನಗೆ ಕೇಳಿದರೆ ಇದು ಅನ್ಯಾಯ. ಸೌದೆ ತಂದವನ ಬಾಯಿ ಮುಚ್ಚಿಸಿದರು.

"ಅದಕ್ಕೊಂದು ಕಾರಣ ಕೊಟ್ಟಿದ್ದಾರೆ," ಅಂದರು ಮೇಷ್ಟ್ರು. "ಮಿದುಳು ತರೋಕೆ ಆಳು ಹುಡುಗನ್ನ ಕಳಿಸ್ತಾನೆ. ಅವನು ಒಳ್ಳೇ ಮಿದುಳಿನ ಬಾಟಲಿ ಕೆಳಗೆ ಹಾಕಿ ಒಡೀತಾನೆ. ಸುಮ್ನೆ ಪಕ್ಕದಲ್ಲಿದ್ದ ಪಾತಕಿಯ ಮಿದುಳು ತಂದುಕೊಡ್ತಾನೆ."

ಬಸಣ್ಣ ಮೊದಲ ಮಿರ್ಚಿಗೆ ಕೈ ಹಾಕಿದ. "ಹಂಗಾದ್ರೆ ಮೆಕ್ಯಾನಿಕ್ ತಪ್ಪಿಲ್ಲ. ಹುಡುಗ ತಂದ ಪಾರ್ಟ್ ತಪ್ಪು. ನಾನೂ ಅದೇ ಹೇಳ್ತಿರೋದು. ಡಬ್ಬಿ ಸರಿ ಇದೆ, ಸಿಮ್ ತಪ್ಪು."

ಈ ಮಾತು ಮುಗಿಯುವ ಮೊದಲೇ ನಮ್ಮಲ್ಲಿ ಜಗಳ ಹತ್ತಿತು. ದುರಾಸೆ ಕಾರಣ ಅಂದರು ಮೇಷ್ಟ್ರು. ದೇವರ ಕೆಲಸಕ್ಕೆ ಮನುಷ್ಯ ಕೈ ಹಾಕಬಾರದು, ಅದಕ್ಕೇ ಶಿಕ್ಷೆ ಅಂತ. ನಾನು ಒಪ್ಪಲಿಲ್ಲ. ಮಾಡಿದ್ದಕ್ಕೆ ಶಿಕ್ಷೆ ಆದರೆ ಕಿನ್ನಾಳದವರೆಲ್ಲ ಜೈಲಲ್ಲಿ ಇರಬೇಕು. ಈ ಸಿನಿಮಾಗಳಲ್ಲಿ ಎಡವುವುದು ಮಾಡುವಾಗ ಅಲ್ಲ, ಮಾಡಿದ ಮರುದಿನ.

"ದೇವರ ಕಥೆಯೇ ತಗೊಳ್ಳಿ," ಅಂದ ಈರಣ್ಣ. "ಭಸ್ಮಾಸುರನಿಗೆ ವರ ಕೊಟ್ಟವನು ಶಿವ. ಅವನು ತಲೆ ಮೇಲೆ ಕೈ ಇಡೋಕೆ ಬಂದಾಗ ಶಿವನೂ ಓಡಿದ. ಮೋಹಿನಿ ಬಂದು ಕುಣಿಸಬೇಕಾಯ್ತು."

"ಪಾರ್ವತಿ ಓಡಲಿಲ್ಲ," ಅಂದಳು ಶಾಂತಕ್ಕ, ಎಣ್ಣೆಯಿಂದ ಕಣ್ಣೆತ್ತದೆ. "ಮೈಯ ಮಣ್ಣಲ್ಲಿ ಗಣಪ್ಪನ್ನ ಮಾಡಿದಳು. ಬಾಗಿಲು ಕಾಯಿ ಅಂದಳು, ಕಾಯ್ದ. ಗಂಡ ಬಂದಾಗಲೂ ಬಿಡಲಿಲ್ಲ. ತಲೆ ಹೋದಾಗ ಗಂಡನ ಮುಂದೆ ನಿಂತು, ಜೀವ ಕೊಡಿಸೋವರೆಗೂ ಜಗ್ಗಲಿಲ್ಲ."

ಮೇಷ್ಟ್ರು ಚಾ ಕಪ್ಪು ಕೆಳಗಿಟ್ಟರು. "ಹೇಳಿದ್ದನ್ನ ಅಕ್ಷರಕ್ಕೆ ಅಕ್ಷರ ಮಾಡೋದು. ಈಗಿನ ಕಂಪ್ಯೂಟರಿನವರ ತಲೆನೋವೂ ಅದೇ ಅಲ್ವಾ!" ಅಂದರು. ಬಸಣ್ಣನ ಡಬ್ಬಿಯದೂ ಅದೇ ತಾನೆ? ಗುರ್ರ್ ಅಂದರೆ ಆನ್. ಯಾರು ಗುರ್ರ್ ಅನ್ನಿಸಿದರು ಅಂತ ಕೇಳುವ ಬುದ್ಧಿ ಕೊಟ್ಟಿಲ್ಲ.

ಆಮೇಲೆ ಏಲಿಯನ್‌ಗಳಿಗೆ ಬಂದೆವು. ರಿಡ್ಲಿ ಸ್ಕಾಟ್‌ನ 1979ರ ಏಲಿಯನ್ ಸಿನಿಮಾ. ಬೇರೆ ಲೋಕದ ಪ್ರಾಣಿ ಮನುಷ್ಯನ ಎದೆ ಸೀಳಿ ಹೊರಬರುತ್ತದಲ್ಲ, ಅದೇ. ನಾನು ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದೆ. ಸ್ವಿಟ್ಜರ್ಲೆಂಡಿನ ಗೀಗರ್ ಅನ್ನೋ ಕಲಾವಿದ ಬರೆದ ರೂಪ. ಈರಣ್ಣ ಮೊಬೈಲು ಹಿಡಿದು, ಹತ್ತಿರ ತಂದು, ದೂರ ಹಿಡಿದು, ಅಡ್ಡ ಹಿಡಿದು ನೋಡಿದ.

"ಇದಕ್ಕೆ ಕಣ್ಣೇ ಬರೆದಿಲ್ಲ."

"ಬೇಕಂತಲೇ ಬಿಟ್ಟಿದ್ದಾನೆ."

"ಜಾಣ. ಕಣ್ಣಿದ್ರೆ ಯಾರನ್ನ ನೋಡ್ತಿದೆ ಅಂತ ಗೊತ್ತಾಗುತ್ತೆ, ಪಕ್ಕಕ್ಕೆ ಸರೀಬಹುದು. ಇದು ಎಲ್ಲಾರನ್ನೂ ನೋಡ್ತಿದೆ." ಅವನು ಮೊಬೈಲು ವಾಪಸ್ ಕೊಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡ. ಎಂಟು ಸಲ ಆ ಸಿನಿಮಾ ನೋಡಿದ ನನಗೆ ಇದು ಹೊಳೆದಿರಲಿಲ್ಲ.

ಅದೇ ನಿರ್ದೇಶಕ 2012ರಲ್ಲಿ ಪ್ರೊಮಿಥಿಯಸ್ ತೆಗೆದ. ಮನುಷ್ಯರು ತಮ್ಮನ್ನು ಮಾಡಿದವರನ್ನು ಹುಡುಕಿಕೊಂಡು ಹೋಗುತ್ತಾರೆ. ಜೊತೆಗೆ ಮನುಷ್ಯರೇ ಮಾಡಿದ ಡೇವಿಡ್ ಅನ್ನೋ ರೋಬೋ. ಅವನು ಒಬ್ಬ ವಿಜ್ಞಾನಿಯನ್ನು ಕೇಳುತ್ತಾನೆ, ನನ್ನನ್ನು ಯಾಕೆ ಮಾಡಿದಿರಿ ಅಂತ. ಮಾಡೋಕೆ ಆಗುತ್ತಿತ್ತು, ಮಾಡಿದೆವು ಅನ್ನುತ್ತಾನೆ ವಿಜ್ಞಾನಿ. ನಿಮ್ಮನ್ನು ಮಾಡಿದವರೂ ನಿಮಗೆ ಇದನ್ನೇ ಹೇಳಿದರೆ ಎಷ್ಟು ಬೇಜಾರಾಗುತ್ತೆ ಅಲ್ವಾ ಅನ್ನುತ್ತಾನೆ ಡೇವಿಡ್. ದನಿ ಏರಿಸುವುದಿಲ್ಲ. ಬೆರಳ ತುದಿಯಲ್ಲಿ ಕಪ್ಪು ದ್ರವದ ಒಂದು ಹನಿ ಇಟ್ಟುಕೊಂಡಿರುತ್ತಾನೆ. ಆ ಬೆರಳನ್ನು ವಿಜ್ಞಾನಿಯ ಗ್ಲಾಸಿಗೆ ಮೆಲ್ಲಗೆ ತಾಗಿಸಿ ಕೊಡುತ್ತಾನೆ. ಅವನು ಕುಡಿಯುತ್ತಾನೆ.

ಬಸಣ್ಣ ಚಾ ಕಪ್ಪಿನೊಳಗೆ ಇಣುಕಿ ನೋಡಿದ.

"ನಿನ್ನ ಡಬ್ಬಿ ಇಷ್ಟೊತ್ತಿಗೆ ನಿನ್ನ ಬಗ್ಗೆ ಏನು ಯೋಚಿಸ್ತಿದೆಯೋ," ಅಂದೆ.

"ಸುಮ್ನಿರಪ್ಪ, ರಾತ್ರಿ ಹೊಲಕ್ಕೆ ಒಬ್ಬನೇ ಹೋಗ್ಬೇಕು."

ಹಾಗಂತ ಎಲ್ಲರೂ ಓಡಿಹೋದವರಲ್ಲ. 1954ರ ಜಪಾನಿನ ಗಾಡ್ಜಿಲ್ಲಾ, ಸಮುದ್ರದಿಂದೆದ್ದ ರಾಕ್ಷಸ ಪ್ರಾಣಿಯ ಸಿನಿಮಾ, ಅದರಲ್ಲಿ ಸೆರಿಜಾವಾ ಅನ್ನೋ ವಿಜ್ಞಾನಿ ಇದ್ದಾನೆ. ನೀರಿನ ಆಮ್ಲಜನಕವನ್ನೇ ಇಲ್ಲವಾಗಿಸುವ ಅಸ್ತ್ರ ಅವನ ಕೈಯಲ್ಲಿದೆ. ಬೇರೆಯವರ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ಗೊತ್ತಿದ್ದು ಕಾಗದಪತ್ರ ಎಲ್ಲಾ ಸುಡುತ್ತಾನೆ. ಆ ಪ್ರಾಣಿಯನ್ನು ಕೊಲ್ಲಲು ಅಸ್ತ್ರದ ಜೊತೆ ತಾನೂ ಸಮುದ್ರಕ್ಕಿಳಿದು ತನ್ನ ಹಗ್ಗ ತಾನೇ ಕೊಯ್ದುಕೊಳ್ಳುತ್ತಾನೆ. ಈ ಕಥೆ ಹೇಳುವಾಗ ಮೇಷ್ಟ್ರ ಕಣ್ಣು ಬಸಣ್ಣನ ಮೇಲಿತ್ತು.

"ಬಾವಿಗೆ ಹಾರು ಅಂತೀರಾ? ಸಾವಿರದ ಇನ್ನೂರು ಖರ್ಚಾಗಿದೆ ಡಬ್ಬಿಗೆ!"

ಮೇಷ್ಟ್ರು ಗಾಬರಿಯಾಗಿ ಮಾತು ಬದಲಿಸಿದರು. 1986ರ ದಿ ಫ್ಲೈ ಸಿನಿಮಾಕ್ಕೆ ಹೋದರು. ಅಲ್ಲಿ ಒಂದು ಪೆಟ್ಟಿಗೆಯಲ್ಲಿ ಕೂತು ಇನ್ನೊಂದು ಪೆಟ್ಟಿಗೆಯಲ್ಲಿ ಏಳುವ ಯಂತ್ರ ಕಂಡುಹಿಡಿದವನ ಜೊತೆ ಒಂದು ನೊಣ ಒಳಗೆ ಸೇರಿಬಿಡುತ್ತದೆ. ಕಂಪ್ಯೂಟರು ಇಬ್ಬರನ್ನೂ ಕಲಸಿ ಒಬ್ಬನನ್ನಾಗಿ ಮಾಡುತ್ತದೆ. ಮಾಡಿದವನೇ ಮಾಡಿದ್ದಾಗುವ ಕಥೆ. ಇಷ್ಟು ಹೇಳುವಾಗಲೇ ಒಂದು ನೊಣ ಬಂದು ಚಟ್ನಿ ಮೇಲೆ ಕೂತಿತು. ಆ ಸಿನಿಮಾದ ಚರ್ಚೆ ಅಲ್ಲಿಗೇ ನಿಂತಿತು.

ನನಗೆ ಎಲ್ಲಕ್ಕಿಂತ ಇಷ್ಟ ಜುರಾಸಿಕ್ ಪಾರ್ಕಿನ ಒಂದು ಸಂಗತಿ. ಅದು ಕಥೆಯೊಳಗಿನದಲ್ಲ, ಶೂಟಿಂಗಿನದು. 1993ರ ಆ ಸಿನಿಮಾಕ್ಕೆ ಸ್ಟಾನ್ ವಿನ್ಸ್ಟನ್‌ನ ತಂಡ ಆಳೆತ್ತರವನ್ನೂ ಮೀರಿದ, ನಿಜದ ಗಾತ್ರದ ಡೈನೋಸಾರ್ ಯಂತ್ರ ಮಾಡಿತ್ತು. ಮೈಮೇಲೆ ಫೋಮ್ ರಬ್ಬರಿನ ಚರ್ಮ. ಮಳೆಯ ದೃಶ್ಯ ಶುರುವಾದ ಮೇಲೆ ಚರ್ಮ ಸ್ಪಂಜಿನ ಹಾಗೆ ನೀರು ಕುಡಿದು ಭಾರವಾಯಿತು. ಅಷ್ಟು ದೊಡ್ಡ ಪ್ರಾಣಿ ಚಳಿ ಹಿಡಿದವರ ಹಾಗೆ ಗಡಗಡ ನಡುಗತೊಡಗಿತು. ಮಾಡಿದವರು ಪ್ರತಿ ಶಾಟ್ ಆದ ಮೇಲೆ ಟವೆಲ್ ಹಿಡಿದು ಓಡಿಬಂದು ಅದರ ಮೈ ಒರೆಸುತ್ತಿದ್ದರು. ಎಲ್ಲರನ್ನೂ ತಿಂದುಹಾಕುವ ರಾಕ್ಷಸನಿಗೆ ಟವೆಲ್ಲಿನಲ್ಲಿ ಮೈ ಒರೆಸುವುದು!

"ಅದು ಬಾಣಂತನ," ಅಂದಳು ಶಾಂತಕ್ಕ.

ಅಷ್ಟರಲ್ಲಿ ಕರೆಂಟ್ ಬಂತು. ಬೀದಿಯೆಲ್ಲ ಹೋ ಅಂದಿತು. ಬಸಣ್ಣ ಮಾತ್ರ ಎದ್ದು ನಿಂತ.

"ಲೇ, ಕರೆಂಟ್ ಹೋದಾಗ ಪಂಪ್ ಆನ್ ಇತ್ತಾ, ಆಫ್ ಇತ್ತಾ?"

ಅವನು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದ. ಅದರಲ್ಲಿ ಸಾಲಾಗಿ ಗೀಟು ಎಳೆದಿದ್ದ, ಹಾಲಿನವಳ ಲೆಕ್ಕದ ಹಾಗೆ. ಪ್ರತಿ ಗೀಟು ಒಂದು ಫೋನು. ಕೊನೆಯ ಸಾಲಿನ ಮೇಲೆ ಚಾ ಬಿದ್ದು ಅಳಿಸಿಹೋಗಿತ್ತು.

"ಒಂದು ಮಿಸ್ಡ್ ಕಾಲ್ ಕೊಡು," ಅಂದರು ಮೇಷ್ಟ್ರು.

"ಆಫ್ ಇದ್ರೆ ಆನ್ ಆಗಿಬಿಡುತ್ತಲ್ಲ ಸಾರ್."

"ಹಂಗಾದ್ರೆ ಕೊಡಬೇಡ."

"ಆನ್ ಇದ್ರೆ?"

ನಾವೆಲ್ಲಾ ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿದೆವು. ಬಸಣ್ಣ ಕಣ್ಣು ಮುಚ್ಚಿ, ಗವಿಸಿದ್ಧಪ್ಪನ ಹೆಸರು ಹೇಳಿ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದ. ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ, ಅಂದಳು ಫೋನಿನ ಹೆಣ್ಣುಮಗಳು.

"ಭಾನುವಾರವೂ ಬಿಡಲ್ವಲ್ಲೋ ಇವರು!"

ಬಸಣ್ಣ ಬೈಕಿಗೆ ಕಿಕ್ ಹೊಡೆದ. ಹಿಂದೆ ಹತ್ತಿ ಕೂತ ಮೇಷ್ಟ್ರು ಶಾಂತಕ್ಕನ ಹತ್ತಿರ ಒಂದು ಟವೆಲ್ ಕೇಳಿ ಇಸಕೊಂಡರು. ಉಳಿದಿದ್ದ ಮಿರ್ಚಿಯನ್ನು ಈರಣ್ಣ ತನ್ನ ಪ್ಲೇಟಿಗೆ ಎಳೆದುಕೊಂಡ.