ಪುಟ್ಟಿಗೆ: ತಾತನ ಸಿನಿಮಾದ ಜಾಗಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಕೆಲಸ ಮಾಡಿಕೊಂಡೇ ಕೇಳಿ.

ಸೆಪ್ಟೆಂಬರ್‌ನಲ್ಲಿ ಆಫೀಸ್ ಕೆಲಸಕ್ಕೆ ವಿಯೆನ್ನಾಗೆ ಹೋಗುತ್ತಿದ್ದೀನಿ, ಒಂದು ಶನಿವಾರ ಬಿಡುವಿದೆ, ತಾತ ಮತ್ತೆ ಮತ್ತೆ ನೋಡುತ್ತಿದ್ದ ‘ದಿ ಥರ್ಡ್ ಮ್ಯಾನ್’ ಸಿನಿಮಾ ತೆಗೆದ ಜಾಗಗಳನ್ನು ನೋಡಬಹುದಾ ಅಂತ ಕೇಳಿದ್ದೀಯ. ಅದರ ಕೆಳಗೆ ಅಣ್ಣ ಬರೆದಿದ್ದಾನೆ, 75 ವರ್ಷದ ಹಿಂದಿನ ಸಿನಿಮಾ, ಈಗ ಅಲ್ಲಿ ಏನು ಉಳಿದಿರುತ್ತದೆ, ಸುಮ್ನೆ ಅರಮನೆ ನೋಡಿಕೊಂಡು ಬಾ ಅಂತ. ಅಣ್ಣಾ, ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಇವರ ಜೊತೆ ಹೋದಾಗ ಜೈಂಟ್ ವೀಲ್ ಒಂದನ್ನು ನೋಡಿ ಬಂದುಬಿಟ್ಟೆವು. ಕಳೆದ ವರ್ಷ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಮಗನ ಮನೆಯಲ್ಲಿದ್ದಾಗ ರೈಲು ಹತ್ತಿ ಮತ್ತೆ ಹೋದೆ. ಎರಡು ದಿನ ಬರೀ ಅದಕ್ಕೇ ಇಟ್ಟೆ. ಈಗ ಹೇಳುತ್ತೇನೆ, ಹೋಗು ಪುಟ್ಟಿ. ಹೋಗಲೇಬೇಕು.

ಗ್ರೂಪಿನಲ್ಲಿರುವ ಚಿಕ್ಕವರು ಸಿನಿಮಾ ನೋಡಿಲ್ಲ, ಅದಕ್ಕೆ ಎರಡು ಮಾತು. 1949ರ ಇಂಗ್ಲಿಷ್ ಸಿನಿಮಾ, ಕಪ್ಪು ಬಿಳುಪು. ಕ್ಯಾರೊಲ್ ರೀಡ್ ನಿರ್ದೇಶಕ, ಕಥೆ ಚಿತ್ರಕಥೆ ಗ್ರಹಾಂ ಗ್ರೀನ್ ಅವರದು. ಯುದ್ಧ ಮುಗಿದ ವಿಯೆನ್ನಾ. ಊರನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ನಾಲ್ಕೂ ದೇಶದವರು ಹಂಚಿಕೊಂಡು ಕಾಯುತ್ತಿದ್ದಾರೆ. ಹ್ಯಾರಿ ಲೈಮ್ ಅನ್ನೋ ಗೆಳೆಯ ಕರೆದ ಅಂತ ಒಬ್ಬ ಬರಹಗಾರ ಅಲ್ಲಿಗೆ ಬರುತ್ತಾನೆ. ಬಂದ ದಿನವೇ ಆ ಗೆಳೆಯನ ಮಣ್ಣು. ಆಮೇಲೆ ಗೊತ್ತಾಗುತ್ತದೆ, ಹ್ಯಾರಿ ಸತ್ತಿಲ್ಲ. ಮಿಲಿಟರಿ ಆಸ್ಪತ್ರೆಗಳಿಂದ ಪೆನಿಸಿಲಿನ್ ಕದಿಸಿ, ನೀರು ಬೆರೆಸಿ, ಬ್ಲ್ಯಾಕ್‌ನಲ್ಲಿ ಮಾರಿದವನು ಅವನು. ಆ ಔಷಧಿ ಚುಚ್ಚಿಸಿಕೊಂಡ ಮಕ್ಕಳು ಸಾಯುತ್ತವೆ, ಇಲ್ಲವೇ ಸಾಯದೆ ಉಳಿದು ನರಳುತ್ತವೆ. ಹ್ಯಾರಿಯ ಪಾತ್ರ ಮಾಡಿದ್ದು ಆರ್ಸನ್ ವೆಲ್ಸ್. ನೋಡಿದವರೆಲ್ಲ ಅವನ ಆ ತುಂಟ ನಗುವಿನ ಬಗ್ಗೆಯೇ ಮಾತಾಡುತ್ತಾರೆ.

ಅಪ್ಪ, ಅಂದರೆ ಪುಟ್ಟಿಯ ತಾತ, ಮಾತ್ರ ಆ ನಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಆಡಲಿಲ್ಲ. ಅಣ್ಣಾ, ನಿನಗೆ ನೆನಪಿದೆ ಅಲ್ವಾ? ವಿಸಿಆರ್ ಬಾಡಿಗೆಗೆ ತಂದು ಹಾಲ್‌ನಲ್ಲಿ ಚಾಪೆ ಹಾಸಿ ನೋಡಿದ್ದು. ಆಸ್ಪತ್ರೆಯ ದೃಶ್ಯ ಬಂದಾಗ ಅಪ್ಪ ಟೇಪ್ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಇನ್ನೊಂದು ಸಲ ತೋರಿಸಿದರು. ಅದರಲ್ಲಿ ಒಂದು ಮಗುವಿನ ಮುಖವನ್ನೂ ತೋರಿಸುವುದಿಲ್ಲ. ಮಂಚಗಳು, ನರ್ಸ್‌ಗಳು, ಮಂಚದೊಳಗೆ ಬಗ್ಗಿ ನೋಡುವವನ ಮುಖ, ಅಷ್ಟೇ. ಒಬ್ಬ ನರ್ಸ್ ಒಂದು ಕರಡಿ ಗೊಂಬೆಯನ್ನು ಎತ್ತಿ ತಲೆಕೆಳಗಾಗಿ ಪೆಟ್ಟಿಗೆಗೆ ಹಾಕುತ್ತಾಳೆ. ಒಂದು ಮಂಚ ಖಾಲಿಯಾಯಿತು ಅಂತ ಅದರಿಂದಲೇ ಗೊತ್ತಾಗಬೇಕು. ನನಗೆ ಆಗ ಹದಿನೈದು. ಅಪ್ಪ ಯಾಕೆ ಹಿಂದಕ್ಕೆ ಓಡಿಸಿದರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಜಾಗಗಳು. ಬೆಳಿಗ್ಗೆ ಯೋಸೆಫ್ಸ್‌ಪ್ಲಾಟ್ಸ್‌ನಿಂದ ಶುರು ಮಾಡು. ಅರಮನೆಗೆ ಅಂಟಿಕೊಂಡೇ ಇರುವ ಚೌಕ ಅದು, ಅಣ್ಣ ಹೇಳಿದ ಅರಮನೆಯೂ ಆಯಿತು. ಚೌಕದ ನಡುವೆ ಕುದುರೆ ಮೇಲೆ ಕೂತ ದೊರೆಯ ಪ್ರತಿಮೆ. ಎದುರಿಗೆ ಪಲ್ಲವಿಚಿನಿ ಅರಮನೆ, ಅದರ ಬಾಗಿಲಿಗೆ ಕಂಬದ ಬದಲು ನಾಲ್ಕು ಕಲ್ಲಿನ ಹೆಂಗಸರು. ಸಿನಿಮಾದಲ್ಲಿ ಅದು ಹ್ಯಾರಿಯ ಮನೆ. ಆ ಬಾಗಿಲ ಮುಂದೆಯೇ ಅವನಿಗೆ ಗಾಡಿ ಹೊಡೆಯಿತು, ಇಬ್ಬರು ಎತ್ತಿಕೊಂಡು ಹೋದರು ಅಂತ ಎಲ್ಲರೂ ಹೇಳುತ್ತಾರೆ. ಮನೆ ಕಾಯುವವನು ಮಾತ್ರ ಮೂರು ಜನ ಇದ್ದರು ಅನ್ನುತ್ತಾನೆ. ಸಿನಿಮಾದ ಹೆಸರು ಬಂದದ್ದು ಅಲ್ಲಿಂದ. ಅಣ್ಣಾ, ಕೇಳು, ಈ ಚೌಕದಲ್ಲಿ ಒಂದು ಕಲ್ಲೂ ಕದಲಿಲ್ಲ. ಬಾಗಿಲಿನಿಂದ ಪ್ರತಿಮೆಯವರೆಗೆ ನಾನೇ ನಡೆದು ನೋಡಿದೆ. ಎತ್ತಿಕೊಂಡು ದಾಟಿದ ದಾರಿ ಅದೇ.

ಅಲ್ಲಿಂದ ಹೋಹರ್ ಮಾರ್ಕ್ಟ್ ಅನ್ನೋ ಚೌಕಕ್ಕೆ ಹತ್ತು ನಿಮಿಷದ ನಡಿಗೆ. ನನಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ತಟ್ಟಿದ ಜಾಗಗಳಲ್ಲಿ ಇದೊಂದು, ನೋಡೋಕೆ ಅಲ್ಲಿ ಅಂಥದ್ದೇನೂ ಇಲ್ಲದಿದ್ದರೂ. ಸಿನಿಮಾದಲ್ಲಿ ಈ ಸುತ್ತಮುತ್ತ ಇಟ್ಟಿಗೆ ಕಲ್ಲಿನ ಗುಡ್ಡೆಗಳು. ಗೋಡೆ ನಿಂತಿದೆ, ಅದರ ಹಿಂದೆ ಮನೆಯೇ ಇಲ್ಲ. ಅದು ಸೆಟ್ ಅಲ್ಲ ಪುಟ್ಟಿ. 1948ರ ಕೊನೆಯಲ್ಲಿ ಅವರು ಶೂಟಿಂಗ್‌ಗೆ ಬಂದಾಗ ಊರು ಹಾಗೇ ಬಿದ್ದಿತ್ತು. ರಾತ್ರಿ ಹೊತ್ತು ಬೀದಿಗೆ ನೀರು ಹೊಡೆಸಿ, ಒದ್ದೆ ಕಲ್ಲಿನ ಮೇಲೆ ಬೆಳಕು ಹೊಳೆಯುವ ಹಾಗೆ ಮಾಡಿದರು. ನೀರು ಅವರದು, ಕಲ್ಲಿನ ರಾಶಿ ಊರಿನದು. ಆ ರಾಶಿಗಳ ನಡುವೆ ನಿಜವಾಗಿಯೂ ಜನ ಸೌದೆ ಸೊಪ್ಪು ಹೊಂದಿಸಿಕೊಂಡು ಬದುಕುತ್ತಿದ್ದ ಕಾಲ.

ಈಗ ಅಲ್ಲಿ ಸಾದಾ ಕಟ್ಟಡಗಳು, ಕೆಳಗೆ ಅಂಗಡಿ, ಕಾಫಿ. ನಾನು ಮೊಬೈಲಿನಲ್ಲಿ ಸಿನಿಮಾ ನಿಲ್ಲಿಸಿಕೊಂಡು ಎದುರಿಗೆ ಹಿಡಿದು ನೋಡುತ್ತಾ ನಿಂತೆ. ಮೊದಲಿಗೆ ಏನೂ ಹೊಂದಲಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು, ನೀನೂ ಮಾಡು. ಬೀದಿಯ ಉದ್ದಕ್ಕೂ ಕಿಟಕಿಗಳನ್ನು ನೋಡು. ಹಳೆಯ ಕಟ್ಟಡದ ಕಿಟಕಿ ಸುತ್ತ ಹೂವು ಬಳ್ಳಿ ಮುಖ ಅಂತ ಗಾರೆ ಕೆಲಸ ಇರುತ್ತದೆ. ನಡುವೆ ಒಂದು ಕಟ್ಟಡದ ಕಿಟಕಿ ಬೋಳಾಗಿರುತ್ತದೆ, ಸುಮ್ನೆ ಚೌಕಟ್ಟು. ಅಲ್ಲಿ ಬಾಂಬು ಬಿದ್ದಿತ್ತು ಅಂತ ಅಂದುಕೊಂಡರೆ ಹೆಚ್ಚು ಸಲ ಸರಿಯೇ ಇರುತ್ತದೆ. ಕೆಲವು ಕಟ್ಟಡಗಳ ಗೋಡೆಯ ಮೇಲೆ ಕಲ್ಲು ಹಲಗೆಯೇ ಇದೆ, ಯುದ್ಧದಲ್ಲಿ ಹಾಳಾಯಿತು, ಇಂಥ ವರ್ಷ ಮತ್ತೆ ಕಟ್ಟಿದೆವು ಅಂತ. ನಾನು ಒಂದು ಓಣಿಯಲ್ಲಿ ಲೆಕ್ಕ ಹಾಕುತ್ತಾ ಹೋದೆ, ಹಲ್ಲು ಕಟ್ಟಿಸಿಕೊಂಡ ಬಾಯಿಯ ಹಾಗೆ ಕಾಣಿಸಿತು. ಅಣ್ಣಾ, ಏನು ಉಳಿದಿರುತ್ತೆ ಅಂತ ಕೇಳಿದೆಯಲ್ಲ. ಉಳಿಯದೇ ಇದ್ದದ್ದು ಎಲ್ಲಿತ್ತು ಅಂತ ಕಾಣುತ್ತದೆ. ಆ ರಾಶಿಗಳು ಈಗ ಇರುವುದು ಆ ಸಿನಿಮಾದೊಳಗೆ ಮತ್ತೆ ಹಳೆಯ ಫೋಟೋಗಳಲ್ಲಿ ಮಾತ್ರ.

ಒಂದು ನಿಮಿಷ, ಗ್ಯಾಸ್ ಆರಿಸಿ ಬರುತ್ತೇನೆ.

ಹ್ಞಾಂ, ಬಂದೆ. ಮುಂದೆ ಶ್ರೈಫೋಗಲ್‌ಗಾಸ್ಸೆ, 8ನೇ ನಂಬರ್ ಬಾಗಿಲು. ಯೂನಿವರ್ಸಿಟಿ ಹತ್ತಿರ, ಹಳೆಯ ಕೋಟೆ ಗೋಡೆಯ ಒಂದು ತುಂಡು ಉಳಿದಿದೆ, ಅದರ ಪಕ್ಕದ ಏರುದಾರಿ. ಹ್ಯಾರಿ ಬದುಕಿದ್ದಾನೆ ಅಂತ ನಮಗೆ ಗೊತ್ತಾಗುವುದು ಈ ಬಾಗಿಲಲ್ಲಿ. ಕತ್ತಲಲ್ಲಿ ಒಂದು ಬೆಕ್ಕು ಬಂದು ಯಾರದೋ ಬೂಟಿನ ಮೇಲೆ ಕೂರುತ್ತದೆ. ಮೇಲಿನ ಮನೆಯಲ್ಲಿ ಯಾರೋ ದೀಪ ಹಾಕುತ್ತಾರೆ, ಬೆಳಕು ಮುಖಕ್ಕೆ ಬೀಳುತ್ತದೆ. ಅಷ್ಟು ದೊಡ್ಡ ನಟ ಸಿನಿಮಾಕ್ಕೆ ಬರುವುದೇ ಆಗ, ಅರ್ಧಕ್ಕಿಂತ ಜಾಸ್ತಿ ಕಥೆ ಮುಗಿದ ಮೇಲೆ. ಬಾಗಿಲು ಹಾಗೇ ಇದೆ. ತುಂಬಾ ಒಳಕ್ಕೆ ಇರಬೇಕು ಅಂದುಕೊಂಡಿದ್ದೆ, ಇಲ್ಲ, ಒಬ್ಬರು ನಿಂತರೆ ಭುಜ ಗೋಡೆಗೆ ತಾಗುವಷ್ಟೇ ಜಾಗ. ಜನ ವಾಸ ಮಾಡುವ ಮನೆ ಅದು, ಬಾಗಿಲಿಗೆ ಒರಗಿ ಫೋಟೋ ತೆಗೆಸಿಕೊಳ್ಳಬೇಡ, ದಾರಿಯ ಆಚೆ ನಿಂತು ನೋಡು. ಪಕ್ಕದಲ್ಲೇ ಬೀಥೋವನ್ ವಾಸವಿದ್ದ ಮನೆಯೂ ಇದೆ, ಪಾಸ್ಕ್ವಲಾಟಿ ಹೌಸ್ ಅಂತ. ಸಮಯವಿದ್ದರೆ ಮೆಟ್ಟಿಲು ಹತ್ತಿ ನೋಡು.

ಮಧ್ಯಾಹ್ನಕ್ಕೆ ಎರಡು ಕೆಲಸ. ಕಾರ್ಲ್ಸ್‌ಪ್ಲಾಟ್ಸ್ ಹತ್ತಿರದ ಗಿರಾರ್ಡಿ ಪಾರ್ಕಿನಿಂದ ನೆಲದ ಕೆಳಗಿನ ಚರಂಡಿಗೆ ಕರೆದುಕೊಂಡು ಹೋಗುತ್ತಾರೆ, ಊರಿನ ಚರಂಡಿ ಇಲಾಖೆಯವರೇ. ಚಳಿಗಾಲದಲ್ಲಿ ಇಲ್ಲ, ಸೆಪ್ಟೆಂಬರ್‌ನಲ್ಲಿ ಸಿಗಬಹುದು, ಮೊದಲೇ ಬುಕ್ ಮಾಡು. ತಲೆಗೆ ಹೆಲ್ಮೆಟ್ ಕೊಡುತ್ತಾರೆ. ಸಿನಿಮಾದ ಕೊನೆಯ ಬೆನ್ನಟ್ಟುವಿಕೆ ನಡೆಯುವುದು ಈ ಚರಂಡಿಗಳಲ್ಲಿ. ಆದರೆ ವೆಲ್ಸ್‌ಗೆ ಅಲ್ಲಿ ಇಳಿಯುವುದೇ ಇಷ್ಟವಿರಲಿಲ್ಲ, ಅವನ ಎಷ್ಟೋ ಭಾಗವನ್ನು ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ ಸೆಟ್ ಹಾಕಿ ತೆಗೆದರು. ಕಬ್ಬಿಣದ ಜಾಲರಿಯಿಂದ ಬೆರಳುಗಳು ಮೇಲೆ ಬರುತ್ತವಲ್ಲ, ಅಪ್ಪ ಯಾವಾಗಲೂ ತೋರಿಸುತ್ತಿದ್ದರು, ಅವು ನಿರ್ದೇಶಕ ರೀಡ್ ಅವರದೇ ಬೆರಳುಗಳು. ಆ ಕಾಲುವೆಗಳನ್ನು ಕಟ್ಟಿದ್ದು 1830ರ ದಶಕದಲ್ಲಿ, ಊರಿಗೆ ಕಾಲರಾ ಬಂದು ಹೋದ ಮೇಲೆ. ಅದಕ್ಕೇ ಅವನ್ನು ಕಾಲರಾ ಕಾಲುವೆ ಅಂತಲೇ ಕರೆಯುತ್ತಾರೆ. ಜನರ ಜೀವ ಉಳಿಸೋಕೆ ಕಟ್ಟಿದ ಕಾಲುವೆಯಲ್ಲಿ ಜೀವ ತೆಗೆದವನು ಓಡುತ್ತಾನೆ ಅಂತ ಅಲ್ಲಿ ನಿಂತಾಗ ಅನ್ನಿಸಿತು. ವಾಸನೆ ಇದೆ, ಇಲ್ಲ ಅನ್ನುವುದಿಲ್ಲ. ತಡೆಯಬಹುದು.

ಇನ್ನೊಂದು, ಪ್ರೆಸ್‌ಗಾಸ್ಸೆಯಲ್ಲಿ ಈ ಸಿನಿಮಾಕ್ಕೇ ಒಂದು ಮ್ಯೂಸಿಯಂ. ಸರ್ಕಾರದ್ದಲ್ಲ, ಇಷ್ಟಪಟ್ಟವರು ಸ್ವಂತ ಮಾಡಿದ್ದು. ತೆರೆಯುವುದೇ ಶನಿವಾರ ಮಧ್ಯಾಹ್ನ, ನಿನ್ನ ಅದೃಷ್ಟ. ಯುದ್ಧ ಮುಗಿದ ದಿನಗಳ ವಿಯೆನ್ನಾದ ಬಗ್ಗೆಯೇ ಒಂದು ಭಾಗವಿದೆ, ಅದನ್ನು ಬಿಡಬೇಡ. ಝಿದರ್ ಅನ್ನೋ ತಂತಿ ವಾದ್ಯವೂ ಇದೆ. ಸಿನಿಮಾದ ಹಿನ್ನೆಲೆ ಸಂಗೀತಕ್ಕೆ ಬೇರೆ ವಾದ್ಯವೇ ಇಲ್ಲ, ಆಂಟನ್ ಕರಾಸ್ ಅನ್ನೋರು ಒಬ್ಬರೇ ಝಿದರ್ ನುಡಿಸಿದ್ದು. ಹೆಂಡದ ಮನೆಗಳಲ್ಲಿ ನುಡಿಸಿ ಬದುಕುತ್ತಿದ್ದವರನ್ನು ರೀಡ್ ಒಂದು ಪಾರ್ಟಿಯಲ್ಲಿ ಕೇಳಿ ಕರೆದುಕೊಂಡು ಹೋದರು. ಅಪ್ಪ ಸ್ನಾನಕ್ಕೆ ಹೋಗುವಾಗ ಗುನುಗುತ್ತಿದ್ದ ಟ್ಯೂನ್ ಅದೇ.

ಜೈಂಟ್ ವೀಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಹೋಗುತ್ತಾರೆ. 1897ರದ್ದು, ಸುಮಾರು 65 ಮೀಟರ್ ಎತ್ತರ. ಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದಾಗ 30 ಡಬ್ಬಿಗಳಿದ್ದ ಕಡೆ 15 ಮಾತ್ರ ಹಾಕಿದರು, ಇವತ್ತಿಗೂ 15. ಆದರೆ ಮೇಲೆ ಹೋದಾಗ ಕೆಳಗೆ ನೋಡು. ಹ್ಯಾರಿ ಗೆಳೆಯನಿಗೆ ಅಲ್ಲಿಂದಲೇ ಕೆಳಗಿನ ಜನರನ್ನು ತೋರಿಸಿ, ಆ ಚುಕ್ಕೆಗಳಲ್ಲಿ ಒಂದು ಅಲ್ಲಾಡುವುದು ನಿಂತರೆ ನಿನಗೆ ನಿಜವಾಗಿ ಬೇಜಾರಾಗುತ್ತಾ ಅಂತ ಕೇಳುತ್ತಾನೆ. ನಾನು ನೋಡಿದಾಗ ಕೆಳಗೆ ಒಂದು ಕೆಂಪು ಕೋಟಿನ ಮಗು ಅಪ್ಪನ ಕೈ ಬಿಡಿಸಿಕೊಂಡು ಓಡುತ್ತಿತ್ತು. ಅಷ್ಟು ಮೇಲಿನಿಂದಲೂ ಅದು ಮಗು ಅಂತ ಚೆನ್ನಾಗಿ ಗೊತ್ತಾಗುತ್ತಿತ್ತು.

ಈಗ ಅಪ್ಪನ ವಿಷಯ. ಪುಟ್ಟಿ, ನಿನ್ನ ತಾತನಿಗೆ ಒಬ್ಬಳು ತಂಗಿ ಇದ್ದಳು. ನಾವು ಯಾರೂ ನೋಡದ ಅತ್ತೆ. 1946ರಲ್ಲಿ ನ್ಯುಮೋನಿಯಾ ಆಯಿತು, ಆರು ವರ್ಷ. ಡಾಕ್ಟರು ಒಂದು ಚೀಟಿಯಲ್ಲಿ ಪೆನಿಸಿಲಿನ್ ಅಂತ ಬರೆದುಕೊಟ್ಟು, ಸಿಕ್ಕರೆ ತನ್ನಿ ಅಂದರಂತೆ. ಆಗ ನಮ್ಮ ದೇಶದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿರಲಿಲ್ಲ, ಪುಣೆ ಹತ್ತಿರದ ಪಿಂಪ್ರಿಯಲ್ಲಿ ಸರ್ಕಾರದ ಕಾರ್ಖಾನೆ ಬಂದದ್ದೇ 1950ರ ದಶಕದಲ್ಲಿ. ತಾತ ಆಗ ಹೈಸ್ಕೂಲ್ ಹುಡುಗ. ಮೈಸೂರಿಗೆ ಹೋಗಿ ಎರಡು ದಿನ ಅಂಗಡಿ ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದರು. ನನಗೆ ಇದನ್ನು ಒಂದೇ ಸಲ ಹೇಳಿದ್ದು. ಬಸ್ಸು ರಸ್ತೆಯಿಂದ ಮನೆಗೆ ನೇರ ದಾರಿ, ಎರಡೂ ಕಡೆ ಹೊಂಗೆ ಮರ. ಅವರ ಅಮ್ಮ ಜಗಲಿಯ ಮೇಲೆ ನಿಂತು ದೂರದಿಂದಲೇ ಇವರ ಕೈ ನೋಡುತ್ತಿದ್ದರಂತೆ. ಆ ದಾರಿ ಮುಗಿಯಲೇ ಇಲ್ಲ ಕಣೇ ಅಂದರು.

ಅದಕ್ಕೇ ಹೇಳುತ್ತೇನೆ, ಏನು ಬಿಟ್ಟರೂ ಸಂಜೆ ಸ್ಮಶಾನಕ್ಕೆ ಹೋಗುವುದನ್ನು ಬಿಡಬೇಡ. ತ್ಸೆಂಟ್ರಾಲ್‌ಫ್ರೀಡ್‌ಹೋಫ್, 71ನೇ ನಂಬರ್ ಟ್ರಾಮ್. ಅಲ್ಲಿನ ಜನ ಯಾರಾದರೂ ತೀರಿಕೊಂಡರೆ 71 ಹತ್ತಿದರು ಅಂತಲೇ ಹೇಳುತ್ತಾರಂತೆ. ಎರಡನೇ ಗೇಟಿನಲ್ಲಿ ಇಳಿ. 1874ರಿಂದ ಇರುವ ಸ್ಮಶಾನ, ಎರಡೂವರೆ ಚದರ ಕಿಲೋಮೀಟರ್, ಕತ್ತಲಾಗುವ ಮುಂಚೆ ಹೋಗು. ಸಿನಿಮಾ ಶುರುವಾಗುವಾಗ ಹ್ಯಾರಿಯ ಸುಳ್ಳು ಮಣ್ಣು ಇಲ್ಲೇ, ಕೊನೆಗೆ ನಿಜವಾದ ಮಣ್ಣೂ ಇಲ್ಲೇ. ಅದು ಮುಗಿದ ಮೇಲೆ ಅವನನ್ನು ಪ್ರೀತಿಸಿದ ಹುಡುಗಿ ಸಾಲುಮರದ ದಾರಿಯ ಆ ತುದಿಯಿಂದ ನಡೆದು ಬರುತ್ತಾಳೆ. ಬರಹಗಾರ ಪಕ್ಕದಲ್ಲಿ ಕಾಯುತ್ತಾ ನಿಂತಿದ್ದಾನೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಒಂದು ನಿಮಿಷಕ್ಕೂ ಜಾಸ್ತಿ ಅವಳು ನಡೆಯುತ್ತಲೇ ಇರುತ್ತಾಳೆ, ಎಲೆಗಳು ಉದುರುತ್ತವೆ, ಅವನ ಕಡೆ ತಿರುಗಿಯೂ ನೋಡದೆ ದಾಟಿ ಹೋಗುತ್ತಾಳೆ. ಗ್ರೀನ್ ಅವರಿಗೆ ಇಬ್ಬರೂ ಜೊತೆಯಾಗಿ ಹೋಗಲಿ ಅಂತ ಇತ್ತು, ರೀಡ್ ಒಪ್ಪಲಿಲ್ಲ. ರೀಡ್ ಮಾಡಿದ್ದೇ ಸರಿ ಅಂತ ಆಮೇಲೆ ಗ್ರೀನ್ ಅವರೇ ಬರೆದರು.

ಅಷ್ಟು ಮಕ್ಕಳನ್ನು ಕೊಂದವನಿಗೆ ಇವಳು ಯಾಕೆ ಅಳಬೇಕು ಅಂತ ಅಪ್ಪ ಪ್ರತಿ ಸಲ ಬೈಯುತ್ತಿದ್ದರು. ಆದರೂ ಆ ನಡಿಗೆ ಪೂರ್ತಿ ಮುಗಿಯುವವರೆಗೆ ಟೇಪ್ ನಿಲ್ಲಿಸಲು ಬಿಡುತ್ತಿರಲಿಲ್ಲ. ನಾನು ಹೋದಾಗ ಅಕ್ಟೋಬರ್, ಎಲೆ ಹಳದಿಯಾಗಿ ನೆಲ ತುಂಬಾ ಬಿದ್ದಿತ್ತು. ಒಂದು ಉದ್ದದ ದಾರಿ ನೋಡಿ ಆ ತುದಿಗೆ ಹೋಗಿ ಈ ತುದಿಗೆ ನಡೆದು ಬಂದೆ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಾಗಲಿಲ್ಲ. ಕೋಟಿನ ಜೇಬಿನಲ್ಲಿ ಹಾಕಿದೆ, ಆಮೇಲೆ ತೆಗೆದೆ.

ಪುಟ್ಟಿ, ಸಾಯಂಕಾಲ ಅಲ್ಲಿ ಗಾಳಿ ಜಾಸ್ತಿ, ಸ್ವೆಟರ್ ಇಟ್ಟುಕೋ. ರಾತ್ರಿ ಉಳಿದರೆ ಒಪೆರಾ ಹತ್ತಿರ ಬುರ್ಗ್ ಕಿನೋ ಅನ್ನೋ ಥಿಯೇಟರಿನಲ್ಲಿ ಈ ಸಿನಿಮಾವನ್ನು ಆಗಾಗ ಹಾಕುತ್ತಲೇ ಇರುತ್ತಾರೆ, ಆ ದಿನ ಇದೆಯಾ ನೋಡಿಕೋ. ಮತ್ತೆ ಸ್ಮಶಾನದ ಆ ದಾರಿಯ ಒಂದು ವಿಡಿಯೋ ತೆಗೆದು ಈ ಗ್ರೂಪಿಗೇ ಹಾಕು, ಅಣ್ಣನೂ ನೋಡಲಿ. ಒಂದು ನಿಮಿಷ ಸಾಕು. ಒಂದೇ ಕಡೆ ನಿಂತು ತೆಗೆ, ಫೋನ್ ಅಲ್ಲಾಡಿಸಬೇಡ.