ಮಗನಿಗೆ ಎರಡು ವರ್ಷ ದಾಟಿತು, ನಾನು ಇನ್ನೂ ಸರಿ ಹೋಗಿಲ್ಲ. ಅನುಭವ ಇರುವವರು ಹೇಳಿ

ಕೇಳಿದವರು: ದಾವಣಗೆರೆಯ ತಾಯಿ

ಎಲ್ಲರಿಗೂ ನಮಸ್ಕಾರ. ಮಗನಿಗೆ ಐದು ತಿಂಗಳಿದ್ದಾಗ ಡಾಕ್ಟರ್ ಇದು ಹೆರಿಗೆ ನಂತರದ ಖಿನ್ನತೆ ಎಂದು ಮಾತ್ರೆ ಕೊಟ್ಟರು. ಇವತ್ತಿಗೂ ಅದೇ ಮಾತ್ರೆ. ಅಳು ಕಡಿಮೆಯಾಗಿದೆ. ಆದರೆ ಮಗು ನಕ್ಕರೂ ನನಗೆ ಏನೂ ಅನ್ನಿಸುವುದಿಲ್ಲ. ಅವನು ಮಲಗಿದರೂ ನನಗೆ ನಿದ್ದೆ ಇಲ್ಲ. ಅತ್ತೆ "ನಾವೇನು ಮಕ್ಕಳನ್ನ ಹೆತ್ತಿಲ್ವಾ" ಅಂತಾರೆ. ಡಾಕ್ಟರನ್ನು ಬದಲಾಯಿಸಬೇಕಾ? ಇಷ್ಟು ದಿನ ಆದಮೇಲೆ ಇದು ವಾಸಿ ಆಗುತ್ತಾ?

ಮೈಸೂರಿನಿಂದ, ಒಬ್ಬ ಅಕ್ಕ

ವಾಸಿ ಆಗುತ್ತೆ ತಂಗಿ. ನನಗೆ ಆಗಿದ್ದು ಮಗಳಿಗೆ ಮೂರು ತುಂಬುವ ಹೊತ್ತಿಗೆ. ಅಷ್ಟು ತಡ ಯಾಕಾಯ್ತು ಅಂದರೆ, ಡಾಕ್ಟರ್ "ಹೇಗಿದ್ದೀರಮ್ಮಾ?" ಅಂದಾಗಲೆಲ್ಲ ನಾನು "ಪರವಾಗಿಲ್ಲ" ಅಂದುಬಿಡುತ್ತಿದ್ದೆ. ಹೊರಗೆ ಜನ ಕಾಯುತ್ತಿದ್ದಾರೆ, ತೊಡೆ ಮೇಲೆ ಮಗು ಅಳುತ್ತಿದೆ, ಪಕ್ಕದಲ್ಲಿ ಅತ್ತೆ ಕೂತಿದ್ದಾರೆ. ಇನ್ನೇನು ಹೇಳುವುದು? ಅವರೂ ಹಳೇ ಚೀಟಿಯನ್ನೇ ಮತ್ತೆ ಬರೆದುಕೊಡುತ್ತಿದ್ದರು. ಹೀಗೇ ಒಂದೂವರೆ ವರ್ಷ ಹೋಯಿತು.

ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಹಾಲಿನ ಲೆಕ್ಕ ಬರೆಯುವ ಅದೇ ಚೌಕದಲ್ಲಿ, ಎಷ್ಟು ಗಂಟೆ ನಿದ್ದೆ ಬಂತು ಅಂತ ಒಂದು ಅಂಕಿ. ಮಗುವಿಗೆ ಸ್ನಾನ ಮಾಡಿಸಲೂ ಕೈ ಏಳದ ದಿನ ಒಂದು ಗುಣಿಸು ಗುರುತು. ಸಾಯಬೇಕು ಅನ್ನಿಸಿದ ದಿನ ಒಂದು ಚುಕ್ಕಿ, ಬೇರೆಯವರಿಗೆ ಗೊತ್ತಾಗದ ಹಾಗೆ. ತಿಂಗಳು ಮುಗಿದ ಮೇಲೆ ಹಾಳೆ ಹರಿದು, ಮಡಚಿ ಬ್ಯಾಗಿಗೆ ಹಾಕಿಕೊಂಡು ಬೇರೆ ಡಾಕ್ಟರ ಹತ್ತಿರ ಹೋದೆ. ಬಾಯಿ ಬರಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ಬೆರಳಿಟ್ಟು ನೋಡುತ್ತಾ ಹೋಗಿ, "ಈ ಚುಕ್ಕಿ ಏನು?" ಅಂದರು. ಅತ್ತೆಯನ್ನು ಸ್ವಲ್ಪ ಹೊರಗೆ ಕೂರಲು ಹೇಳಿದರು. ಅವತ್ತು ಮೊದಲ ಸಲ ಎಲ್ಲ ಹೇಳಿದೆ.

ರಕ್ತ ಪರೀಕ್ಷೆ ಮಾಡಿಸಿದರು. ಹೆರಿಗೆಯಾದ ಮೇಲೆ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ಅದೂ ಸುಸ್ತು, ಬೇಸರ ತರುತ್ತದೆ. ನನ್ನ ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ ಮಾತ್ರ ಕಡಿಮೆ, 8. ಮಾತ್ರೆ ಶುರುವಿನ ಡೋಸಿನಲ್ಲೇ ನಿಂತಿತ್ತು. ಈ ಮಾತ್ರೆಗಳು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಆಮೇಲೂ ಗುಣ ಕಾಣದಿದ್ದರೆ ಡೋಸ್ ಹೆಚ್ಚಿಸುವುದೋ, ಮಾತ್ರೆ ಬದಲಿಸುವುದೋ, ಕೌನ್ಸೆಲಿಂಗ್ ಸೇರಿಸುವುದೋ ಡಾಕ್ಟರ್ ಯೋಚಿಸಬೇಕು. ನಿಮಗೆ ಎರಡು ವರ್ಷ ಹತ್ತಿರ ಬಂತು, ಅಲ್ವಾ? ಹಾಗಾಗಿ ಬೇರೆ ಕಡೆ ತೋರಿಸಿ. ಆದರೆ ಹಳೇ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಾನು ನಿಲ್ಲಿಸಿ ನಾಲ್ಕು ದಿನ ತಲೆಸುತ್ತು ಬಂದು ಮಲಗಿದ್ದೆ. ಇನ್ನೂ ಎದೆಹಾಲು ಕೊಡುತ್ತಿದ್ದರೆ ಅದನ್ನೂ ಹೇಳಿ. ಸರ್ಟ್ರಲಿನ್‌ನಂಥ ಮಾತ್ರೆ ಹಾಲುಣಿಸುವವರಿಗೂ ಕೊಡುತ್ತಾರೆ.

ತುಮಕೂರಿನಿಂದ

ನನ್ನ ಅಕ್ಕನಿಗೆ ತುಂಬಾ ಜಾಸ್ತಿ ಆದಾಗ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ತಾಯಿ ಮಗುವನ್ನು ಒಟ್ಟಿಗೇ ಸೇರಿಸಿಕೊಳ್ಳುವ ವಾರ್ಡ್ ಇದೆ, 2009ರಿಂದ. "ಆಸ್ಪತ್ರೆಗೆ ಹೋದರೆ ಮಗು ಕಿತ್ತುಕೊಳ್ತಾರೆ" ಅಂತ ಅಕ್ಕ ಹೆದರಿದ್ದಳು. ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಅನ್ನುತ್ತದೆ. ನಿಮಗೆ ಅಡ್ಮಿಷನ್ ಬೇಕಾಗದೇ ಇರಬಹುದು, ಡಾಕ್ಟರ್ ನೋಡಿ ಹೇಳುತ್ತಾರೆ. ಆ ಭಯದಿಂದ ಮಾತ್ರ ನಿಲ್ಲಬೇಡಿ.

ಹಾಸನದಿಂದ, ಒಬ್ಬ ಗಂಡ

ಅತ್ತೆಗೆ ನೀವು ಉತ್ತರ ಕೊಡಬೇಡಿ ತಂಗಿ, ನಿಮ್ಮ ಯಜಮಾನರು ಕೊಡಲಿ. ನಾನೂ ಹೆಂಡತಿಗೆ "ಮನಸ್ಸು ಗಟ್ಟಿ ಮಾಡ್ಕೋ" ಅಂತಲೇ ಹೇಳುತ್ತಿದ್ದೆ. ತಪ್ಪು ನನ್ನದು. ಡಾಕ್ಟರ್ ನನ್ನನ್ನೂ ಕೂರಿಸಿ ಹೇಳಿದ ಮೇಲೆ ರಾತ್ರಿ ಹತ್ತರಿಂದ ಮೂರರವರೆಗೆ ಮಗು ನನ್ನ ಪಾಲಿಗೆ. ಅವಳು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗುತ್ತಿದ್ದಳು. ಅಮ್ಮನಿಗೆ, "ಶುಗರ್ ಮಾತ್ರೆ ನೀನು ಬಿಡ್ತೀಯಾ? ಇದೂ ಹಾಗೇ" ಅಂದೆ. ಆಮೇಲೆ ಅಮ್ಮನೇ ಊಟಕ್ಕೆ ಮುಂಚೆ ಸೊಸೆಯ ಮಾತ್ರೆ ಡಬ್ಬಿಯನ್ನೂ ತಂದಿಡತೊಡಗಿದರು.

ತಾಲ್ಲೂಕು ಆಸ್ಪತ್ರೆಯ ನರ್ಸ್

ದುಡ್ಡಿನ ತೊಂದರೆ ಇರುವವರಿಗೆ ಹೇಳುತ್ತಿದ್ದೇನೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ಮಗುವಿಗೋ ತನಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ, ಇಲ್ಲವೇ ಯಾರೂ ಇಲ್ಲದಾಗ ಯಾರೋ ಮಾತಾಡಿದಂತೆ ಕೇಳಿಸಿದರೆ, ಮಂಗಳವಾರಕ್ಕೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಬನ್ನಿ. ಅಂಥ ತಾಯಿಯನ್ನು ಒಬ್ಬಳನ್ನೇ ಬಿಡಬಾರದು.

ದಾವಣಗೆರೆಯ ತಾಯಿ

ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿದೆ. ಅಕ್ಕಾ, ನಾನೂ "ಪರವಾಗಿಲ್ಲ" ಅನ್ನುತ್ತಿದ್ದವಳೇ. ಹಾಸನದ ಅಣ್ಣ ಬರೆದಿದ್ದನ್ನು ಇವರಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ರಾತ್ರಿ ಮಗುವಿನ ಹಾಸಿಗೆಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಕ್ಯಾಲೆಂಡರಿನ ಮೊಳೆಗೆ ಪೆನ್ನು ಕಟ್ಟಿದ್ದೇನೆ. ನಿನ್ನೆಯ ಚೌಕದಲ್ಲಿ 4 ಅಂತ ಬರೆದೆ.