ಸಹಾಯ ಬೇಕು: ಬೆಂಕಿ ಆರಿಸುವ ಹೋಸ್‌ನ ತುದಿಯಲ್ಲಿ ನೀರಿನ ಒತ್ತಡ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ಮೇಲಿನ ಬೇಲಿಗೆ ಅಂಟಿಕೊಂಡೇ ಕಾಡು. ಫೆಬ್ರವರಿ, ಮಾರ್ಚ್ ಬಂತೆಂದರೆ ತರಗೆಲೆ ನೋಡಿಯೇ ಭಯ ಆಗುತ್ತದೆ. ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಡೀಸೆಲ್ ಪಂಪ್‌ಗೇ ಹೋಸ್, ನಾಝಲ್ ಜೋಡಿಸಿ ಇಟ್ಟಿದ್ದೇವೆ.

ಪಂಪ್ ಪಕ್ಕದ ಗೇಜ್ 5 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತೋರಿಸುತ್ತದೆ. ಆದರೆ ಬೇಲಿ ಇರುವುದು ಕೆರೆಯಿಂದ ಸುಮಾರು 20 ಮೀಟರ್ ಎತ್ತರದಲ್ಲಿ. 10 ಮೀಟರ್ ಏರಿದರೆ ಹೆಚ್ಚುಕಮ್ಮಿ 1 ಬಾರ್ ಹೋಗುತ್ತದೆ, ಅಂದರೆ ಅಲ್ಲಿಗೇ 2 ಬಾರ್ ಕಡಿಮೆ. ಉದ್ದದ ಹೋಸ್‌ನಲ್ಲಿ ಇನ್ನಷ್ಟು ಇಳಿಯುತ್ತದೆ. ನಾಝಲ್ ಮುಚ್ಚಿ ನೋಡಿದ ಒತ್ತಡ ನಂಬುವ ಹಾಗಿಲ್ಲ, ನೀರು ಹರಿಯುವಾಗಲೇ ಅಳೆಯಬೇಕು ಅಲ್ವಾ?

ಹರಿವು ನೋಡಲು 200 ಲೀಟರ್ ಡ್ರಮ್ ಇಟ್ಟು, ಮೊಬೈಲ್‌ನಲ್ಲಿ ಸಮಯ ಹಿಡಿಯುತ್ತೇವೆ. ನೀರು ಡ್ರಮ್‌ನ ತಳಕ್ಕೆ ಬಡಿದು ಜಾಸ್ತಿ ಹೊರಗೇ ಸಿಡಿಯುತ್ತದೆ, ಲೆಕ್ಕ ಸಿಗುವುದಿಲ್ಲ. ಇದಕ್ಕೆ ಪಿಟಾಟ್ ಗೇಜ್ ಸರಿ ಅನ್ನಿಸುತ್ತದೆ. ಅದರ ಸಣ್ಣ ಬಾಯನ್ನು ಧಾರೆಯ ನಡುವೆ ಹಿಡಿದರೆ ಒತ್ತಡ ಗೊತ್ತಾಗುತ್ತದೆ, ಅದರಿಂದ ಹರಿವಿನ ಲೆಕ್ಕವೂ ಸಿಗುತ್ತದೆ. ನಾಝಲ್ ಬಾಯಿ 12 ಮಿ.ಮೀ. ಇದ್ದು 3 ಬಾರ್ ಬಂದರೆ ನಿಮಿಷಕ್ಕೆ ಸುಮಾರು 160 ಲೀಟರ್. ಹರಿವು ದುಪ್ಪಟ್ಟಾಗಲು ಒತ್ತಡ ನಾಲ್ಕು ಪಟ್ಟು ಬೇಕು, ಸುಮ್ನೆ ಪಂಪ್‌ನ ರೇಸ್ ಏರಿಸಿ ಲಾಭವಿಲ್ಲ.

ಮಡಿಕೇರಿ, ಕುಶಾಲನಗರ ಸುತ್ತ ಯಾರ ಹತ್ತಿರವಾದರೂ ಪಿಟಾಟ್ ಗೇಜ್ ಇದೆಯಾ? ಒಂದು ದಿನಕ್ಕೆ ಬಾಡಿಗೆಗೆ ಕೊಟ್ಟರೂ ಸಾಕು. ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರಿದ್ದರೆ ದಯವಿಟ್ಟು ಒಮ್ಮೆ ಬಂದು ತೋರಿಸಿಕೊಡಿ. ಹಳೇ ಗೇಜ್ ಸರಿ ತೋರಿಸುತ್ತಿದೆಯಾ ಎಂದು ಪರೀಕ್ಷೆ ಮಾಡಿಕೊಡುವವರು ಗೊತ್ತಿದ್ದರೂ ತಿಳಿಸಿ.